ಟ್ಯಾಕ್ ಮಾಡಿದಾಗಲೆಲ್ಲ ಗಾಳಿಯ ದಿಕ್ಕು ಬದಲಾಗುತ್ತಿದೆ, ಸೆನ್ಸರ್ ಕೆಟ್ಟಿದೆಯಾ?

ಪ್ರಶ್ನೆ: ನಾನು ಹೊನ್ನಾವರದವನು, ಈಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದೇನೆ. ಹೋದ ವರ್ಷ 1980ರ ದಶಕದ 30 ಅಡಿಯ ಹಾಯಿದೋಣಿಯೊಂದನ್ನು ಕೊಂಡೆ. ಮಾಸ್ಟ್ (ಹಾಯಿಕಂಬ) ತುದಿಯಲ್ಲಿ ಗಾಳಿಯ ಸೆನ್ಸರ್, ತಳದಲ್ಲಿ ವೇಗ ಅಳೆಯುವ ಪ್ಯಾಡಲ್‌ವೀಲ್ (ನೀರಿನಲ್ಲಿ ತಿರುಗುವ ಪುಟ್ಟ ಚಕ್ರ), ಹಳೇ ಆಟೋಪೈಲಟ್‌ನ ಫ್ಲಕ್ಸ್‌ಗೇಟ್ ಅನ್ನುವ ಎಲೆಕ್ಟ್ರಾನಿಕ್ ದಿಕ್ಸೂಚಿ ಇವೆ. ಹಿಂದಿನ ಮಾಲೀಕರು ಹಾಕಿಸಿದ್ದು, ಎಲ್ಲ ಎನ್‌ಎಂಇಎ 0183 (ದೋಣಿಯ ಉಪಕರಣಗಳು ಮಾಹಿತಿ ಕಳಿಸುವ ಹಳೇ ಪದ್ಧತಿ). ನಾನು ಹಾಕಿದ ಪ್ಲಾಟರ್ (ನಕ್ಷೆ ತೋರಿಸುವ ಪರದೆ) ಮತ್ತು ಎಐಎಸ್ (ಸುತ್ತಲಿನ ಹಡಗುಗಳನ್ನು ತೋರಿಸುವ ಉಪಕರಣ) ಹೊಸ ಪದ್ಧತಿಯವು, ಎನ್‌ಎಂಇಎ 2000. ಎಲ್ಲವನ್ನೂ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ತಂದು, ಅವನ್ನೆಲ್ಲ ಒಟ್ಟುಗೂಡಿಸುವ ಸಿಗ್ನಲ್ ಕೆ ಸರ್ವರ್ ಹಾಕಿ, ವೈಫೈ ಮೂಲಕ ಟ್ಯಾಬ್ಲೆಟ್‌ನಲ್ಲಿ ನೋಡುತ್ತೇನೆ. ಎರಡು ತೊಂದರೆ. ಒಂದು, ಗಾಳಿಯ ಮುಳ್ಳು 33 ಮತ್ತು 38 ಡಿಗ್ರಿಗಳ ನಡುವೆ ಕುಣಿಯುತ್ತದೆ. ಎರಡು, ಟ್ಯಾಕ್ ಮಾಡಿದಾಗ, ಅಂದರೆ ಮೂತಿಯನ್ನು ಗಾಳಿಯ ಆಚೆ ಬದಿಗೆ ಹೊರಳಿಸಿದಾಗ, ನಿಜ ಗಾಳಿಯ ದಿಕ್ಕು ಬದಲಾಗುತ್ತದೆ: ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ (ಗಾಳಿ ಬಲಗಡೆಯಿಂದ) 262, ಪೋರ್ಟ್ ಟ್ಯಾಕ್‌ನಲ್ಲಿ (ಎಡಗಡೆಯಿಂದ) 281 ಅಂತ ಬರುತ್ತದೆ. ಆಗ ನೀರಿನ ಹರಿವು ಹೆಚ್ಚುಕಡಿಮೆ ನಿಂತಿತ್ತು. ತೋರಿಕೆಯ ಗಾಳಿ 20 ನಾಟ್ (ಕಡಲಿನಲ್ಲಿ ಬಳಸುವ ವೇಗದ ಅಳತೆ) ಹತ್ತಿರ, ಜಿಪಿಎಸ್ ವೇಗ 6, ಪ್ಯಾಡಲ್‌ವೀಲ್ ವೇಗ 3. ಅಂಗಡಿಯವರು "ಮೇಲಿನ ಸೆನ್ಸರ್ ತಿರುಚಿಕೊಂಡಿದೆ, ಎಲ್ಲ ತೆಗೆದು ಒಂದೇ ಕಂಪನಿಯ ಹೊಸ ಸೆಟ್ ಹಾಕಿ" ಅಂದರು. ಸ್ನೇಹಿತರೊಬ್ಬರು "ಪ್ಯಾಡಲ್‌ವೀಲ್ ಬಿಡು, ಜಿಪಿಎಸ್ ವೇಗ ಕೊಡು, ಸರಿಹೋಗುತ್ತೆ" ಅನ್ನುತ್ತಾರೆ. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಟ್ಯಾಬ್ಲೆಟ್ ನಂಬಿಕೊಂಡು ಹೋಗಬಹುದಾ?

ಉತ್ತರ: ಇಷ್ಟು ಅಂಕಿ ಬರೆದು ಕಳಿಸುವವರು ಕಡಿಮೆ. "ಗಾಳಿ ಸರಿ ತೋರಿಸ್ತಿಲ್ಲ" ಅಂತ ಒಂದು ಸಾಲು ಬರುವುದೇ ಜಾಸ್ತಿ. ನಿಮ್ಮ ಅಂಕಿಗಳಲ್ಲೇ ಉತ್ತರದ ಬಹುಪಾಲು ಇದೆ. ಮೇಲಿನ ಸೆನ್ಸರ್ ಕೆಟ್ಟಿರುವ ಲಕ್ಷಣ ಅವುಗಳಲ್ಲಿ ನನಗೆ ಕಾಣುತ್ತಿಲ್ಲ. ಹಾಗಾಗಿ ಯಾರನ್ನೂ ಈಗಲೇ ಮಾಸ್ಟ್ ಹತ್ತಿಸಬೇಡಿ, ದುಡ್ಡನ್ನೂ ಬಿಚ್ಚಬೇಡಿ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಿಜ ಗಾಳಿಯನ್ನು ಅಳೆಯುವ ಸೆನ್ಸರ್ ನಿಮ್ಮ ದೋಣಿಯಲ್ಲಿಲ್ಲ. ಯಾರ ದೋಣಿಯಲ್ಲೂ ಇಲ್ಲ. ಗಾಳಿಯೇ ಇಲ್ಲದ ದಿನ ಸ್ಕೂಟರ್‌ನಲ್ಲಿ ಹೋದರೂ ಮುಖಕ್ಕೆ ಗಾಳಿ ಬಡಿಯುತ್ತೆ ಅಲ್ವಾ, ಮಾಸ್ಟ್ ತುದಿಯ ಸೆನ್ಸರ್‌ಗೂ ಅದೇ ಪಾಡು. ಬೀಸುವ ಗಾಳಿ ಮತ್ತು ದೋಣಿಯ ಓಟ ಎರಡೂ ಸೇರಿದ್ದನ್ನು ಅದು ಅಳೆಯುತ್ತದೆ. ಇದೇ ತೋರಿಕೆಯ ಗಾಳಿ. ಇದರಿಂದ ದೋಣಿಯ ವೇಗವನ್ನು ಕಳೆದರೆ ನಿಜ ಗಾಳಿಯ ವೇಗ ಮತ್ತು ಅದು ದೋಣಿಯ ಮೂತಿಯಿಂದ ಎಷ್ಟು ಡಿಗ್ರಿಯಲ್ಲಿದೆ ಅನ್ನುವುದು ಸಿಗುತ್ತದೆ. ಅದಕ್ಕೆ ದಿಕ್ಸೂಚಿಯ ಅಂಕಿ ಸೇರಿಸಿದರೆ ನಿಜ ಗಾಳಿಯ ದಿಕ್ಕು. ಅಂದರೆ ಪರದೆಯ ಮೇಲಿನ ಆ 262 ಅನ್ನುವ ಒಂದೇ ಅಂಕಿಯೊಳಗೆ ಗಾಳಿ ಸೆನ್ಸರ್, ಪ್ಯಾಡಲ್‌ವೀಲ್, ದಿಕ್ಸೂಚಿ ಮೂರೂ ಇವೆ. ಯಾರು ತಪ್ಪು ಮಾಡಿದರೂ ಬೈಗುಳ ಮಾತ್ರ ಗಾಳಿ ಸೆನ್ಸರ್‌ಗೆ.

ನಿಮ್ಮ ಅಂಕಿಗಳನ್ನೇ ಲೆಕ್ಕಕ್ಕೆ ಹಾಕೋಣ. ತೋರಿಕೆಯ ಗಾಳಿ 19.7 ನಾಟ್, ಕೋನ 33 ಡಿಗ್ರಿಗೆ ಚೂರು ಕಡಿಮೆ ಅಂತಿಟ್ಟುಕೊಳ್ಳಿ. ದೋಣಿಯ ವೇಗ 6 ಅಂತ ಕೊಟ್ಟರೆ ನಿಜ ಗಾಳಿ 15 ನಾಟ್, ಕೋನ 45 ಡಿಗ್ರಿ. ನಿಮ್ಮಂಥ ದೋಣಿ ಗಾಳಿಗೆ ಎದುರಾಗಿ ಹೋಗುವಾಗ ಬರಬೇಕಾದ ಅಂಕಿಯೇ ಇದು. ಈಗ ವೇಗ 3 ಅಂತ ಕೊಡಿ. ನಿಜ ಗಾಳಿ 17 ನಾಟ್ ದಾಟುತ್ತದೆ, ಕೋನ 38ಕ್ಕೆ ಇಳಿಯುತ್ತದೆ. ಆ 38 ನಿಮ್ಮ ಪತ್ರದಲ್ಲೇ ಇದೆ, ನೋಡಿ. ಮುಳ್ಳು ಕುಣಿಯುವುದು 33 ಮತ್ತು 38ರ ನಡುವೆ ಅಂದಿದ್ದೀರಿ. ಅದು ಸುಮ್ನೆ ಕುಣಿಯುತ್ತಿಲ್ಲ. ಒಮ್ಮೆ ತೋರಿಕೆಯ ಗಾಳಿಯನ್ನೂ ಇನ್ನೊಮ್ಮೆ ತಪ್ಪು ವೇಗದಿಂದ ಲೆಕ್ಕ ಹಾಕಿದ ನಿಜ ಗಾಳಿಯನ್ನೂ ತೋರಿಸುತ್ತಿದೆ.

ಇನ್ನು ದಿಕ್ಕು. ಪಶ್ಚಿಮದ ಗಾಳಿ ಅನ್ನಿ, ಅಂದರೆ ಉತ್ತರದಿಂದ ಬಲಕ್ಕೆ ಸುತ್ತಿ ಎಣಿಸಿದರೆ 270 ಡಿಗ್ರಿ. ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಗಾಳಿ ಬಲಗಡೆಯಿಂದ, ದೋಣಿಯ ಮೂತಿ 225ಕ್ಕೆ. 225ಕ್ಕೆ 45 ಸೇರಿಸಿದರೆ 270. ಪೋರ್ಟ್ ಟ್ಯಾಕ್‌ನಲ್ಲಿ ಗಾಳಿ ಎಡಗಡೆಯಿಂದ, ಮೂತಿ 315ಕ್ಕೆ. 315ರಲ್ಲಿ 45 ಕಳೆದರೆ ಮತ್ತೆ 270. ಎರಡೂ ಕಡೆ ಒಂದೇ ಉತ್ತರ, ಹಾಗೇ ಇರಬೇಕು. 45ರ ಬದಲು 38 ಹಾಕಿ: ಒಂದು ಕಡೆ 263, ಇನ್ನೊಂದು ಕಡೆ 277. ಹದಿನಾಲ್ಕು ಡಿಗ್ರಿ ಅಂತರ, ಅದೂ ಬರೀ ಪ್ಯಾಡಲ್‌ವೀಲ್‌ನಿಂದ. ನಿಮಗೆ ಬಂದದ್ದು 19. ಉಳಿದ ಐದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಿರುಚಿಕೊಂಡ ಸೆನ್ಸರ್ ಅನ್ನುವ ಮಾತು

ಈ ಮಾತು ಎಲ್ಲ ಬಂದರುಗಳಲ್ಲೂ ಓಡಾಡುತ್ತದೆ. ಟ್ಯಾಕ್ ಮಾಡಿದಾಗ ನಿಜ ಗಾಳಿಯ ದಿಕ್ಕು ಬದಲಾದರೆ ಮೇಲಿನ ಸೆನ್ಸರ್ ತಿರುಚಿಕೊಂಡಿದೆ ಅಂತ. ಕೇಳಲು ಸರಿಯೆನಿಸುತ್ತದೆ, ಲೆಕ್ಕ ಮಾಡಿದರೆ ನಿಲ್ಲುವುದಿಲ್ಲ. ಸೆನ್ಸರ್ 5 ಡಿಗ್ರಿ ಎಡಕ್ಕೆ ತಿರುಗಿ ಕೂತಿದೆ ಅನ್ನಿ. ಸ್ಟಾರ್‌ಬೋರ್ಡ್‌ನಲ್ಲಿ ತೋರಿಕೆಯ ಕೋನ 33ರ ಬದಲು 38 ಬರುತ್ತದೆ, ಪೋರ್ಟ್‌ನಲ್ಲಿ 28. ನಿಜ ಗಾಳಿಯ ಕೋನ ಒಂದು ಕಡೆ 51, ಇನ್ನೊಂದು ಕಡೆ 38 ಅಥವಾ 39. ದಿಕ್ಕು ಲೆಕ್ಕ ಹಾಕಿ ನೋಡಿ: ಎರಡೂ ಟ್ಯಾಕ್‌ನಲ್ಲಿ 276ರ ಆಸುಪಾಸು. ದಿಕ್ಕು ತಪ್ಪೇ, ಆದರೆ ಎರಡೂ ಕಡೆ ಒಂದೇ ತಪ್ಪು. ಟ್ಯಾಕ್ ಮಾಡಿದಾಗ ಅದು ಜಿಗಿಯುವುದಿಲ್ಲ.

ಹಾಗಾದರೆ ತಿರುಚಿದ್ದು ಗೊತ್ತಾಗುವುದು ಹೇಗೆ? ತೋರಿಕೆಯ ಕೋನ ಎರಡು ಕಡೆ ಬೇರೆ ಬೇರೆ ಇರುತ್ತದೆ. ಹಾಯಿಗಳನ್ನು ಎರಡೂ ಕಡೆ ಒಂದೇ ರೀತಿ ಬಿಗಿದು, ದೋಣಿ ಒಂದೇ ವೇಗದಲ್ಲಿರುವಾಗ ಸ್ಟಾರ್‌ಬೋರ್ಡ್‌ನಲ್ಲಿ 35, ಪೋರ್ಟ್‌ನಲ್ಲಿ 29 ಬಂದರೆ ವ್ಯತ್ಯಾಸದ ಅರ್ಧ, ಅಂದರೆ 3 ಡಿಗ್ರಿ ತಿರುಚಿದೆ ಅಂತ. ಅದನ್ನೂ ಮಾಸ್ಟ್ ಹತ್ತದೆ ಸರಿಮಾಡಬಹುದು. ಹೆಚ್ಚಿನ ಡಿಸ್‌ಪ್ಲೇಗಳ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್, ಅಂದರೆ ತಪ್ಪಿದಷ್ಟು ಡಿಗ್ರಿಯನ್ನು ಸರಿದೂಗಿಸುವ ಅಂಕಿ, ಹಾಕುವ ಜಾಗ ಇರುತ್ತದೆ. ನೀವು ಎರಡು ಕಡೆಯ ತೋರಿಕೆಯ ಕೋನವನ್ನು ಬೇರೆ ಬೇರೆ ಬರೆದಿಲ್ಲ. ಮುಂದಿನ ಸಲ ಬರೆದಿಟ್ಟುಕೊಳ್ಳಿ.

ಈ ಲಕ್ಷಣಗಳನ್ನು ಓದುವ ರೀತಿ ನನ್ನ ಕೆಲಸದಲ್ಲಿ ಬಹಳ ಸಲ ಉಪಯೋಗಕ್ಕೆ ಬಂದಿದೆ. ಗಾಳಿಗೆ ಎದುರಾಗಿ ಹೋಗುವಾಗ, ಪ್ರತಿ ಟ್ಯಾಕ್ ಆದಮೇಲೂ ಗಾಳಿ ಮೂತಿಯ ಕಡೆಗೇ ಸರಿದಂತೆ ತೋರಿಸಿದರೆ ದೋಣಿಯ ವೇಗ ಕಡಿಮೆ ಓದುತ್ತಿದೆ. ಪ್ರತಿ ಸಲವೂ ಗಾಳಿ ಮೂತಿಯಿಂದ ದೂರ ಸರಿದಂತೆ ತೋರಿಸಿದರೆ ವೇಗ ಜಾಸ್ತಿ ಓದುತ್ತಿದೆ, ಅಥವಾ ಹಾಯಿಯ ಮುಂದೆ ಗಾಳಿ ಬಾಗುವ ಪರಿಣಾಮ ಅದು. ಎರಡೂ ಟ್ಯಾಕ್‌ನಲ್ಲಿ ಒಂದೇ ಅಂಕಿ ಬಂದು, ಆ ಅಂಕಿ ಮಾತ್ರ ತಪ್ಪಾಗಿದ್ದರೆ ದಿಕ್ಸೂಚಿಯನ್ನೋ ಸೆನ್ಸರ್‌ನ ಆಫ್‌ಸೆಟ್ಟನ್ನೋ ಹಿಡಿಯಬೇಕು. ನಿಮ್ಮದು ಮೊದಲನೆಯದು. 262 ಮತ್ತು 281ರ ನಡುವಿನ ಅಂಕಿ 271 ಚಿಲ್ಲರೆ. ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದ ಬೇಸಿಗೆಯ ಮಧ್ಯಾಹ್ನ ನುಗ್ಗುವ ಪಶ್ಚಿಮದ ಗಾಳಿಗೆ ಇದು ಹೊಂದುತ್ತದೆ. ಅಂದರೆ ನಡುವಿನ ಅಂಕಿ ಸರಿಯಾಗೇ ಇದೆ, ಎರಡು ಬದಿಗೆ ಚೆಲ್ಲಿದೆ ಅಷ್ಟೇ.

ಜಿಪಿಎಸ್ ವೇಗ ಕೊಟ್ಟರೆ?

ನಿಮ್ಮ ಸ್ನೇಹಿತರ ಸಲಹೆ ಕೆರೆಯಲ್ಲಿ ನಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನಡೆಯುವುದಿಲ್ಲ. ಪ್ಯಾಡಲ್‌ವೀಲ್ ಹೇಳುವುದು ನೀರಿನ ಲೆಕ್ಕದ ವೇಗ. ಜಿಪಿಎಸ್ ಹೇಳುವುದು ನೆಲದ ಲೆಕ್ಕದ ವೇಗ. ನೀರು ನಿಂತಿದ್ದರೆ ಎರಡೂ ಒಂದೇ. ಭರತ ಇಳಿತದ ಹರಿವು ಶುರುವಾದರೆ ಬೇರೆ ಬೇರೆ. ಗೋಲ್ಡನ್ ಗೇಟ್‌ನ ಬಾಯಲ್ಲಿ ಈ ಹರಿವು ಎಷ್ಟು ಜೋರು ಅಂತ ನಿಮಗೇ ಗೊತ್ತು.

ಇಳಿತದ ನೀರು 3 ನಾಟ್ ವೇಗದಲ್ಲಿ ಪಶ್ಚಿಮಕ್ಕೆ ಹೋಗುತ್ತಿದೆ, ನೆಲದ ಮೇಲೆ ನಿಂತವನಿಗೆ 15 ನಾಟ್ ಪಶ್ಚಿಮದ ಗಾಳಿ ಅನ್ನಿ. ನೀರು ದೋಣಿಯನ್ನು ಗಾಳಿಯ ಕಡೆಗೇ ಒಯ್ಯುತ್ತಿದೆ. ಹಾಗಾಗಿ ನಿಮ್ಮ ಹಾಯಿಗೆ ಸಿಗುವುದು 18 ನಾಟ್. ಹಾಯಿ ಎಷ್ಟು ಕಡಿಮೆ ಮಾಡಬೇಕು, ಯಾವ ಕೋನದಲ್ಲಿ ಹೋಗಬೇಕು ಅನ್ನುವುದಕ್ಕೆಲ್ಲ ಬೇಕಾದ ಅಂಕಿ ಈ 18. ನೀರಿನಲ್ಲಿ 6 ನಾಟ್ ಹೋಗುವ ನಿಮ್ಮ ದೋಣಿಗೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಜಿಪಿಎಸ್ 8.4 ತೋರಿಸುತ್ತದೆ. ಆ 8.4ನ್ನು ಪ್ಯಾಡಲ್‌ವೀಲ್ ವೇಗದ ಜಾಗಕ್ಕೆ ತುರುಕಿದರೆ ಬರುವ ಉತ್ತರ 16.4 ನಾಟ್, ಕೋನ 51. ಇದು ಹಾಯಿಯ ಗಾಳಿಯೂ ಅಲ್ಲ, ನೆಲದ ಗಾಳಿಯೂ ಅಲ್ಲ. ದಿಕ್ಕು ಒಂದು ಟ್ಯಾಕ್‌ನಲ್ಲಿ 276, ಇನ್ನೊಂದರಲ್ಲಿ 264. ಮತ್ತೆ ಜಿಗಿತ, ಈ ಸಲ ಉಲ್ಟಾ ಕಡೆಗೆ. ಜೊತೆಗೆ ಈ ತಪ್ಪು ಹೊತ್ತು ಹೊತ್ತಿಗೆ ಬದಲಾಗುತ್ತದೆ. ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಕೆಡುತ್ತದೆ, ನೀವು ವೈರ್ ಹುಡುಕುತ್ತಾ ಕೂರುತ್ತೀರಿ.

ಜಿಪಿಎಸ್ ವೇಗದ ಜೊತೆ ಜಿಪಿಎಸ್ ಹೇಳುವ ಸಾಗುವ ದಿಕ್ಕನ್ನೂ ಸರಿಯಾಗಿ ಸೇರಿಸಿ ಲೆಕ್ಕ ಮಾಡಿದರೆ ಆಗ ನೆಲದ ಗಾಳಿ, ಆ 15 ನಾಟ್, ಸರಿಯಾಗಿ ಸಿಗುತ್ತದೆ. ಹವಾಮಾನ ವರದಿಯ ಜೊತೆ ಹೋಲಿಸಲು ಅದು ಒಳ್ಳೆಯದು. ಸಿಗ್ನಲ್ ಕೆ ಇವೆರಡನ್ನೂ ಬೇರೆ ಬೇರೆ ಹೆಸರಲ್ಲಿ ಇಡುತ್ತದೆ: ಆಂಗಲ್ ಟ್ರೂ ವಾಟರ್ ಒಂದು, ಆಂಗಲ್ ಟ್ರೂ ಗ್ರೌಂಡ್ ಇನ್ನೊಂದು. ಟ್ಯಾಬ್ಲೆಟ್‌ನ ಗೇಜಿಗೆ ಯಾವುದನ್ನು ಕಟ್ಟಿದ್ದೀರಿ ನೋಡಿ. ಹಾಯಿ ನಡೆಸಲು ವಾಟರ್ ಇರಲಿ.

ಮುಳ್ಳಿನ ಕುಣಿತ

ಇದು ವೈರಿಂಗ್ ಮತ್ತು ಸೆಟ್ಟಿಂಗ್‌ನ ಕಥೆ. ಎನ್‌ಎಂಇಎ 0183 ಅಂದರೆ ಸಾದಾ ಅಕ್ಷರಗಳ ಸಾಲುಗಳು, ಸೆಕೆಂಡಿಗೆ 4800 ಬಿಟ್ ವೇಗದಲ್ಲಿ. ಅಂದರೆ ಸುಮಾರು 480 ಅಕ್ಷರ. ಒಂದು ಸಾಲು 82 ಅಕ್ಷರದವರೆಗೆ ಇರಬಹುದು. ಗಾಳಿಯ ಸಾಲಿಗೆ ಎಂಡಬ್ಲ್ಯುವಿ ಅಂತ ಹೆಸರು. ಅದರಲ್ಲಿ ಮೊದಲು ಕೋನ, ಆಮೇಲೆ ಒಂದೇ ಒಂದು ಅಕ್ಷರ, ಆಮೇಲೆ ವೇಗ, ವೇಗದ ಅಳತೆ, ಕೊನೆಗೆ ಸರಿ ಇದೆಯೋ ಇಲ್ಲವೋ ಅನ್ನುವ ಗುರುತು. ನಡುವಿನ ಆ ಒಂದು ಅಕ್ಷರ 'ಆರ್' ಆಗಿದ್ದರೆ ತೋರಿಕೆಯ ಗಾಳಿ, 'ಟಿ' ಆಗಿದ್ದರೆ ಲೆಕ್ಕ ಹಾಕಿದ ನಿಜ ಗಾಳಿ. ಹಳೇ ಡಿಸ್‌ಪ್ಲೇಗಳು ವೇಗದ ಮಾಹಿತಿ ಸಿಕ್ಕಿದರೆ ಎರಡನ್ನೂ ಒಂದರ ಹಿಂದೆ ಒಂದು ಕಳಿಸುತ್ತವೆ. ಆ ಅಕ್ಷರವನ್ನು ನೋಡದ ಆ್ಯಪ್‌ಗೆ ಎರಡೂ ಒಂದೇ. ಮುಳ್ಳು 33, 38, 33, 38 ಅಂತ ಹೊಡೆದುಕೊಳ್ಳುತ್ತದೆ. ನಿಮ್ಮ ಟ್ಯಾಬ್ಲೆಟ್ ಆ್ಯಪ್ ಸಿಗ್ನಲ್ ಕೆಯಿಂದ ಓದದೆ, ಪೈ ಕಳಿಸುವ ಕಚ್ಚಾ 0183 ಸಾಲುಗಳನ್ನು ಓದುತ್ತಿದ್ದರೆ ಇದೇ ಕಾರಣ ಇರಬೇಕು.

ಸಿಗ್ನಲ್ ಕೆಯ ಡೇಟಾ ಬ್ರೌಸರ್ ತೆರೆಯಿರಿ. ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು ಅಂತ ಇರುತ್ತದೆ. ಅಲ್ಲಿ ಕೋನ ರೇಡಿಯನ್‌ನಲ್ಲಿ, ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕಾಣಿಸಿದರೆ ಗಾಬರಿಯಾಗಬೇಡಿ, ಸರ್ವರ್ ಒಳಗೆ ಇಡುವುದೇ ಹಾಗೆ. 0.57 ರೇಡಿಯನ್ ಅಂದರೆ ನಿಮ್ಮ 33 ಡಿಗ್ರಿ. ಸೆಕೆಂಡಿಗೆ 1 ಮೀಟರ್ ಅಂದರೆ 1.94 ನಾಟ್. ನಿಜ ಗಾಳಿಯ ಸಾಲಿಗೆ ಎರಡು ಮೂಲ ಕಾಣಿಸಿದರೆ, ಒಂದು ಹಳೇ ಡಿಸ್‌ಪ್ಲೇ, ಇನ್ನೊಂದು ಪೈಯದೇ ಲೆಕ್ಕ, ಯಾವುದಾದರೂ ಒಂದನ್ನು ಉಳಿಸಿಕೊಳ್ಳಿ. ನಾನಾದರೆ ಡಿಸ್‌ಪ್ಲೇಯಿಂದ 'ಆರ್' ಸಾಲು ಮಾತ್ರ ತೆಗೆದುಕೊಂಡು, ನಿಜ ಗಾಳಿಯ ಲೆಕ್ಕವನ್ನು ಒಂದೇ ಕಡೆ ಮಾಡಿಸುತ್ತೇನೆ. ಎಲ್ಲಿ ಲೆಕ್ಕ ಆಗುತ್ತಿದೆ ಅಂತ ಗೊತ್ತಿದ್ದರೆ ತಪ್ಪು ಹುಡುಕುವುದು ಸುಲಭ.

ಇನ್ನೊಂದು ಅನುಮಾನ ಇದೆ. ಮೂರು ಹಳೇ ಉಪಕರಣಗಳನ್ನು ಪೈಗೆ ಹೇಗೆ ತಂದಿರಿ ಅಂತ ಬರೆದಿಲ್ಲ. ಅವುಗಳ ವೈರ್‌ಗಳನ್ನು ಒಟ್ಟಿಗೆ ತಿರುಚಿ ಒಂದೇ ಯುಎಸ್‌ಬಿ ಅಡಾಪ್ಟರ್‌ಗೆ ಕೊಟ್ಟಿದ್ದರೆ ಅದನ್ನು ಇವತ್ತೇ ಬಿಚ್ಚಿ. 0183ರಲ್ಲಿ ಮಾತಾಡುವವನು ಒಬ್ಬನೇ, ಕೇಳುವವರು ಹಲವರು ಇರಬಹುದು. ಇಬ್ಬರು ಒಂದೇ ತಂತಿಯಲ್ಲಿ ಮಾತಾಡಿದರೆ ಸಾಲುಗಳು ಒಂದರ ಮೇಲೊಂದು ಬಿದ್ದು ಹಾಳಾಗುತ್ತವೆ. ಸಾಲಿನ ಕೊನೆಯ ಚೆಕ್‌ಸಮ್ (ಸಾಲು ಹಾಳಾಗಿದೆಯೇ ಅಂತ ತಿಳಿಸುವ ಗುರುತು) ನೋಡುವ ಸಾಫ್ಟ್‌ವೇರ್ ಅವನ್ನು ಎಸೆಯುತ್ತದೆ, ನೋಡದ ಸಾಫ್ಟ್‌ವೇರ್ ಕಸವನ್ನೇ ತೋರಿಸುತ್ತದೆ. ಇದಕ್ಕೆ ಎಲ್ಲರ ಸಾಲುಗಳನ್ನು ಸರದಿಯಲ್ಲಿ ಸೇರಿಸಿ ಕಳಿಸುವ ಮಲ್ಟಿಪ್ಲೆಕ್ಸರ್ ಬೇಕು, ಅಥವಾ ಒಂದೊಂದಕ್ಕೆ ಒಂದೊಂದು ಅಡಾಪ್ಟರ್. ಒಳಗೆ ವಿದ್ಯುತ್ ಪ್ರತ್ಯೇಕತೆ ಇರುವ ಆರ್‌ಎಸ್ 422 ಅಡಾಪ್ಟರ್ ತೆಗೆದುಕೊಳ್ಳಿ. ಅಗ್ಗದ್ದರಲ್ಲಿ ಅದು ಇರುವುದಿಲ್ಲ.

ಎನ್‌ಎಂಇಎ 2000 ಕಡೆ ಒಂದೇ ಪರೀಕ್ಷೆ ಸಾಕು. ಆ ಜಾಲದ ಪವರ್ ಆಫ್ ಮಾಡಿ, ಎರಡು ಡೇಟಾ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಹತ್ತಿರ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ (ಜಾಲದ ತುದಿಗೆ ಹಾಕುವ ರೆಸಿಸ್ಟರ್) ಇಲ್ಲ, 40 ಬಂದರೆ ಮೂರು ಹಾಕಿದ್ದೀರಿ.

ಸರಿಮಾಡುವ ಕ್ರಮ

ಮೊದಲು ಪ್ಯಾಡಲ್‌ವೀಲ್. 6ಕ್ಕೆ 3 ತೋರಿಸುತ್ತಿದೆ ಅಂದರೆ ಬಹುತೇಕ ಬಾರ್ನಕಲ್ ಚಿಪ್ಪೋ ಪಾಚಿಯೋ ಕೂತಿದೆ. ಕೊಲ್ಲಿಯ ನೀರಿನಲ್ಲಿ ಕೆಲವು ವಾರ ಅಲ್ಲಾಡದೆ ನಿಂತ ದೋಣಿಗೆ ಇದು ಮಾಮೂಲು. ಟ್ರಾನ್ಸ್‌ಡ್ಯೂಸರ್ ಅನ್ನು, ಅಂದರೆ ಆ ಚಕ್ರವಿರುವ ಸೆನ್ಸರನ್ನು, ಒಳಗಿನಿಂದಲೇ ಮೇಲಕ್ಕೆ ಎಳೆದು ತೆಗೆಯಬಹುದು. ಆದರೆ ಅದು ದೋಣಿಯ ತಳದ ತೂತು ಅನ್ನುವುದು ನೆನಪಿರಲಿ. ತೆಗೆದ ತಕ್ಷಣ ನೀರು ಚಿಮ್ಮುತ್ತದೆ. ಕೆಲವು ಮಾದರಿಗಳಲ್ಲಿ ಒಳಗೊಂದು ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ, ಆದರೂ ಸ್ವಲ್ಪ ನೀರು ಬಂದೇ ಬರುತ್ತದೆ. ಖಾಲಿ ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ಎಳೆಯಿರಿ, ಎಳೆದ ಕೂಡಲೇ ಅದನ್ನು ತೂರಿಸಿ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ದೋಣಿ ಮುಳುಗುತ್ತಿದೆ ಅಂತ ಕೂಗಾಟ ಶುರುವಾಗುತ್ತೆ. ಚಕ್ರದ ಹಲ್ಲುಗಳ ನಡುವೆ, ಅಚ್ಚಿನ ಕಡ್ಡಿಯ ಎರಡು ತುದಿಯಲ್ಲಿ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪು ಅಲ್ಲೇ ಕೂತಿರುತ್ತದೆ. ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಬಾಯಿಂದ ಊದಿದರೆ ಚಕ್ರ ಸಲೀಸಾಗಿ ತಿರುಗಬೇಕು. ಚಿಪ್ಪು ಕೂರದಂತೆ ಬಣ್ಣ ಹಚ್ಚುವುದಾದರೆ ಟ್ರಾನ್ಸ್‌ಡ್ಯೂಸರ್‌ಗೆಂದೇ ಇರುವ, ನೀರಿನಲ್ಲಿ ಕಲಸಿದ ಬಣ್ಣ ಮಾತ್ರ. ಬೇರೆಯದರ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಆಮೇಲೆ ವೇಗ ಹೊಂದಿಸಿ. ನೀರು ಹೆಚ್ಚುಕಡಿಮೆ ನಿಂತ ಹೊತ್ತು ನೋಡಿಕೊಂಡು, ಹಾಯಿ ಇಳಿಸಿ, ಎಂಜಿನ್ನಿನಲ್ಲಿ ಒಂದೇ ಆರ್‌ಪಿಎಂ ಇಟ್ಟು ನೇರವಾಗಿ ಹೋಗಿ, ತಿರುಗಿ ಅದೇ ದಾರಿಯಲ್ಲಿ ಬನ್ನಿ. ಹೋಗುವಾಗ ಜಿಪಿಎಸ್ 6.8, ಬರುವಾಗ 5.2 ಬಂತು ಅನ್ನಿ, ಸರಾಸರಿ 6. ಪ್ಯಾಡಲ್‌ವೀಲ್ ಸರಾಸರಿ 5 ಇದ್ದರೆ 1.2ರಿಂದ ಗುಣಿಸುವಂತೆ ಸೆಟ್ ಮಾಡಿ. ಒಂದೇ ಕಡೆ ಹೋಗಿ ಹೊಂದಿಸಿದರೆ ಹರಿವಿನ ತಪ್ಪನ್ನೂ ಸೇರಿಸಿಕೊಂಡಂತೆ.

ಎರಡನೆಯದು ದಿಕ್ಸೂಚಿ. ಉಳಿದ ಐದು ಡಿಗ್ರಿ ಇಲ್ಲಿರಬೇಕು ಅಂತ ನನ್ನ ಅಂದಾಜು. ಫ್ಲಕ್ಸ್‌ಗೇಟ್‌ನ ಪಕ್ಕದಲ್ಲಿ ಕಬ್ಬಿಣ ಇದ್ದರೆ ಅದು ಒಂದು ದಿಕ್ಕಿನಲ್ಲಿ 1 ಡಿಗ್ರಿ, ಇನ್ನೊಂದರಲ್ಲಿ 4 ಡಿಗ್ರಿ ತಪ್ಪಬಹುದು. ನಿಮ್ಮ ಎರಡು ಟ್ಯಾಕ್ ಎರಡು ಬೇರೆ ದಿಕ್ಕು, ಹಾಗಾಗಿ ಎರಡು ಬೇರೆ ತಪ್ಪು. ಅದು ಕೂತಿರುವ ಲಾಕರ್ ತೆರೆದು ನೋಡಿ. ಟೂಲ್‌ಬಾಕ್ಸ್, ಸ್ಪೀಕರ್, ಡಬ್ಬಿಯಲ್ಲಿಟ್ಟ ತಿಂಡಿ, ಏನಾದರೂ ಒಂದು ಸಿಗುತ್ತೆ. ತೆಗೆದ ಮೇಲೆ, ನಿಂತ ನೀರಿನಲ್ಲಿ ಎಂಜಿನ್ ಮೇಲೆ 45 ಡಿಗ್ರಿಗೊಂದು ದಿಕ್ಕು ಹಿಡಿದು ಜಿಪಿಎಸ್ ಹೇಳುವ ದಿಕ್ಕಿಗೆ ಹೋಲಿಸಿ. ಎಂಟು ಅಂಕಿ ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಕಾಂತ ಉತ್ತರಕ್ಕೂ ನಿಜ ಉತ್ತರಕ್ಕೂ ಹೊನ್ನಾವರದ ಕಡಲಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ, ಮರೆತರೂ ಯಾರಿಗೂ ಗೊತ್ತಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದು ಸುಮಾರು 13 ಡಿಗ್ರಿ ಪೂರ್ವ. ದಿಕ್ಸೂಚಿ ಕಾಂತ ದಿಕ್ಕು ಕಳಿಸಿ, ಸರ್ವರ್ ಅದನ್ನೇ ನಿಜ ದಿಕ್ಕು ಅಂದುಕೊಂಡರೆ ಎಲ್ಲ 13 ಡಿಗ್ರಿ ಸರಿಯುತ್ತದೆ. ಎರಡು ಕಡೆ ಸೇರಿಸಿದರೆ ಉಲ್ಟಾ 13. ನಿಮ್ಮ ನಡುವಿನ ಅಂಕಿ 271 ಇರುವುದರಿಂದ ಸದ್ಯಕ್ಕೆ ಇದು ಸರಿ ಇದೆ. ಸೆಟ್ಟಿಂಗ್ ಬದಲಿಸುವಾಗ ಕೆಡಿಸಿಕೊಳ್ಳಬೇಡಿ.

ಮೂರನೆಯದಾಗಿ ಗಾಳಿ ಸೆನ್ಸರ್‌ನ ಆಫ್‌ಸೆಟ್, ಮೇಲೆ ಹೇಳಿದ ಹಾಗೆ. 12 ನಾಟ್‌ಗಿಂತ ಹೆಚ್ಚು ಗಾಳಿ ಇರುವಾಗ ಮಾಡಿ. ಗಾಳಿ ಕಡಿಮೆ ಇದ್ದಾಗ, ತಣ್ಣನೆಯ ನೀರಿನ ಮೇಲೆ ಕೆಳಗಿನ ಗಾಳಿಯ ದಿಕ್ಕೇ ಬೇರೆ, ಮಾಸ್ಟ್ ತುದಿಯ ದಿಕ್ಕೇ ಬೇರೆ ಇರುತ್ತದೆ. ಆಗ ಎರಡು ಟ್ಯಾಕ್‌ನ ಕೋನ ಬೇರೆಯಾಗಿರುವುದು ನಿಜವೇ ಆಗಿರುತ್ತದೆ, ಸೆನ್ಸರ್‌ನ ತಪ್ಪಲ್ಲ.

ಕೊನೆಗೆ ಡ್ಯಾಂಪಿಂಗ್, ಅಂದರೆ ಅಂಕಿಯ ಕುಣಿತ ತಗ್ಗಿಸುವ ಸೆಟ್ಟಿಂಗ್. 12 ಮೀಟರ್ ಮೇಲಿರುವ ಸೆನ್ಸರ್, ದೋಣಿ ಸೆಕೆಂಡಿಗೆ 10 ಡಿಗ್ರಿ ಹೊಯ್ದಾಡಿದರೆ ಗಾಳಿಯಲ್ಲಿ ತಾನೇ 4 ನಾಟ್ ವೇಗದಲ್ಲಿ ಬೀಸುತ್ತಿರುತ್ತದೆ. ಅಲೆಯಲ್ಲಿ ಅಂಕಿ ಕುಣಿಯುವುದು ಸಹಜ. ಕೆಲವು ಸೆಕೆಂಡುಗಳ ಸರಾಸರಿ ಇಡಿ. ಗಾಳಿಗೆ ಒಂದು, ವೇಗಕ್ಕೆ ಇನ್ನೊಂದು ಅಂತ ಬೇಡ, ಹತ್ತಿರ ಹತ್ತಿರ ಇರಲಿ. ಟ್ಯಾಕ್ ಆಗುತ್ತಿರುವ ಅರ್ಧ ನಿಮಿಷ ಏನು ತೋರಿಸಿದರೂ ನಂಬಬೇಡಿ.

ಇಷ್ಟಾದ ಮೇಲೆ ಒಂದೆರಡು ಡಿಗ್ರಿ, ಕೆಲವೊಮ್ಮೆ ನಾಲ್ಕೈದು ಉಳಿಯಬಹುದು. ಹಾಯಿಯ ಮುಂದೆ ಗಾಳಿ ಬಾಗುವುದರಿಂದ ಕೋನ ಚೂರು ದೊಡ್ಡದಾಗಿ ಕಾಣುತ್ತದೆ. ದೋಣಿ 20 ಡಿಗ್ರಿ ವಾಲಿದರೆ ಒಂದೂವರೆ ಡಿಗ್ರಿ ಚಿಕ್ಕದಾಗಿ ಕಾಣುತ್ತದೆ. ರೇಸ್ ಮಾಡುವವರು ಇದಕ್ಕೆಲ್ಲ ಟೇಬಲ್ ಇಟ್ಟುಕೊಳ್ಳುತ್ತಾರೆ. ಹೆಂಡತಿ ಮಕ್ಕಳ ಜೊತೆ ಏಂಜಲ್ ಐಲ್ಯಾಂಡ್ ಸುತ್ತಿ ಬರುವವರಿಗೆ ಬೇಕಿಲ್ಲ.

ಹೊಸದು ಕೊಳ್ಳುವುದೇ ಆದರೆ

ಮೂರು ದಾರಿ ಇವೆ. ಈಗಿರುವುದನ್ನೇ ಮಲ್ಟಿಪ್ಲೆಕ್ಸರ್ ಹಾಕಿ ಸರಿಮಾಡಿಕೊಳ್ಳುವುದು ಅಗ್ಗ, ಕಲಿಯಲೂ ಸಿಗುತ್ತದೆ. ತೊಂದರೆ ಏನೆಂದರೆ ಎಲ್ಲವೂ ಪೈ ಮೇಲೆ ನಿಲ್ಲುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಕುಸಿದು ಪೈ ಆರಿ ಹೋಗುತ್ತದೆ, ಹಾಗೆ ಪದೇ ಪದೇ ಆದರೆ ಎಸ್‌ಡಿ ಕಾರ್ಡ್ ಕೆಡುತ್ತದೆ. 12 ವೋಲ್ಟನ್ನು 5ಕ್ಕೆ ಇಳಿಸುವ ಕಳಪೆ ಕನ್ವರ್ಟರ್ ವಿಎಚ್‌ಎಫ್ ರೇಡಿಯೊಗೂ ಎಐಎಸ್‌ಗೂ ಗದ್ದಲ ತುಂಬುತ್ತದೆ. ಎಐಎಸ್‌ನಲ್ಲಿ ಹಡಗುಗಳು ಹತ್ತಿರ ಬಂದಮೇಲೆ ಮಾತ್ರ ಕಾಣುತ್ತಿದ್ದರೆ ಮೊದಲು ಆ ಕನ್ವರ್ಟರ್ ಆಫ್ ಮಾಡಿ ನೋಡಿ.

ಎರಡನೆಯ ದಾರಿ, ಹಳೇ 0183 ಉಪಕರಣಗಳನ್ನು ಒಂದು ಕನ್ವರ್ಟರ್ ಮೂಲಕ ಎನ್‌ಎಂಇಎ 2000 ಜಾಲಕ್ಕೆ ಏರಿಸುವುದು. ಆಗ ಪ್ಲಾಟರ್‌ಗೇ ಗಾಳಿ, ವೇಗ, ಆಳ ಎಲ್ಲ ಸಿಗುತ್ತದೆ. ಕಾಕ್‌ಪಿಟ್‌ನಲ್ಲಿ ಒಂದು ಸಣ್ಣ ವಾಟರ್‌ಪ್ರೂಫ್ ಡಿಸ್‌ಪ್ಲೇ ಹಾಕಿ. ಪೈ ಆ ಜಾಲವನ್ನು ಕೇಳಿಸಿಕೊಳ್ಳಲಿ, ಅದರಲ್ಲಿ ಮಾತಾಡುವುದು ಬೇಡ. ನಿಮಗೆ ನನ್ನ ಸಲಹೆ ಇದು. ಪೈ ಲೆಕ್ಕ ಹಾಕಿದ ಅಂಕಿಯನ್ನು ಜಾಲಕ್ಕೆ ವಾಪಸ್ ಬಿಟ್ಟರೆ ಪ್ಲಾಟರ್ ಅದನ್ನು ಹಿಡಿದು ಮತ್ತೆ ಕಳಿಸಬಹುದು, ಪೈ ಅದರ ಮೇಲೆ ಮತ್ತೆ ಲೆಕ್ಕ ಹಾಕಬಹುದು. ಆಟೋಪೈಲಟ್ ಗಾಳಿಯ ಕೋನ ನೋಡಿ ಚುಕ್ಕಾಣಿ ತಿರುಗಿಸುವ ಮೋಡ್‌ನಲ್ಲಿದ್ದಾಗ ಇಂಥದ್ದು ನಡೆದರೆ ಹಾಯಿ ಒಮ್ಮೆಲೇ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ. ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ಯಾರ ತಲೆಗೆ ಬಡಿಯುತ್ತೆ ಅನ್ನುವುದು ಅದೃಷ್ಟದ ಮಾತು.

ಮೂರನೆಯದು ಅಂಗಡಿಯವರು ಹೇಳಿದ್ದು, ಪೂರ್ತಿ ಹೊಸ ಸೆಟ್. ಕೆಟ್ಟ ಸಲಹೆಯೇನಲ್ಲ, ಅವಸರದ ಸಲಹೆ. ಒಂದೇ ಕಂಪನಿಯದಾದರೆ ಹೊಂದಾಣಿಕೆಯ ಕಿರಿಕಿರಿ ಕಡಿಮೆ. ಆದರೆ ಹೊಸ ಪ್ಯಾಡಲ್‌ವೀಲ್‌ಗೂ ಅದೇ ಬಾರ್ನಕಲ್ ಕೂರುತ್ತದೆ, ಹೊಸ ದಿಕ್ಸೂಚಿಗೂ ಅದೇ ಟೂಲ್‌ಬಾಕ್ಸ್ ಪಕ್ಕದಲ್ಲಿರುತ್ತದೆ. ಎಂದಾದರೂ ಮಾಸ್ಟ್ ಕೆಳಗಿಳಿಸುವ ಕೆಲಸ ಬಂದಾಗ ಮೇಲಿನ ಸೆನ್ಸರ್ ಮತ್ತು ಒಳಗಿನ ಕೇಬಲ್ ಬದಲಿಸಿ, ಆಗ ಖರ್ಚಿಗೂ ಅರ್ಥ ಇರುತ್ತದೆ.

ಇನ್ನು ಟ್ಯಾಬ್ಲೆಟ್. ಗಾಳಿ ನೋಡಲು ಧಾರಾಳವಾಗಿ ಇಟ್ಟುಕೊಳ್ಳಿ. ಆಳಕ್ಕೂ ದಿಕ್ಕಿಗೂ ಅದೊಂದನ್ನೇ ನಂಬಬೇಡಿ. ಬಿಸಿಲಲ್ಲಿ ಕಾದರೆ ತಾನಾಗಿ ಆಫ್ ಆಗುತ್ತದೆ, ನೀರಿನ ಹನಿ ಬಿದ್ದರೆ ಬೆರಳನ್ನು ಗುರುತಿಸುವುದಿಲ್ಲ. ಪೈನ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಕಂಡು ಕೆಲವು ಟ್ಯಾಬ್ಲೆಟ್‌ಗಳು ಮೆಲ್ಲಗೆ ಮೊಬೈಲ್ ಡೇಟಾಗೆ ಹಾರುತ್ತವೆ, ಅಂಕಿಗಳು ಅಲ್ಲೇ ನಿಂತುಬಿಡುತ್ತವೆ. ಬರ್ಕ್ಲಿ ಕಡೆಯ ನೀರು ಎಷ್ಟು ಆಳವಿಲ್ಲದ್ದು ಅಂತ ನಿಮಗೆ ಗೊತ್ತಿದೆ, ನಿಂತುಹೋದ ಆಳದ ಅಂಕಿ ನೋಡಿಕೊಂಡು ಅಲ್ಲಿ ಓಡಾಡುವಂತಿಲ್ಲ. ಆಳಕ್ಕೆ ಪ್ರತ್ಯೇಕ ಡಿಸ್‌ಪ್ಲೇ ಇರಲಿ. ಚುಕ್ಕಾಣಿಯ ಮುಂದಿನ ಸಾದಾ ದಿಕ್ಸೂಚಿಯನ್ನು ತೆಗೆಯಬೇಡಿ. ಟ್ಯಾಬ್ಲೆಟ್ಟಿನ ಕವರ್‌ನಲ್ಲಿ ಅಯಸ್ಕಾಂತ ಇರುತ್ತದೆ, ಅದನ್ನು ಆ ದಿಕ್ಸೂಚಿಯ ಪಕ್ಕ ಸಿಕ್ಕಿಸಿದರೆ ಅದೂ ಸುಳ್ಳು ಹೇಳಲು ಶುರುಮಾಡುತ್ತದೆ.

ಪ್ಯಾಡಲ್‌ವೀಲ್ ತೊಳೆದು ಹೊಂದಿಸಿದ ಮೇಲೆ, ನೀರು ನಿಂತ ಹೊತ್ತಿನಲ್ಲಿ ಎರಡೂ ಟ್ಯಾಕ್‌ನ ತೋರಿಕೆಯ ಕೋನ, ತೋರಿಕೆಯ ಗಾಳಿಯ ವೇಗ, ದೋಣಿಯ ವೇಗ, ದಿಕ್ಸೂಚಿಯ ಅಂಕಿ ಬರೆದು ಕಳಿಸಿ. ದಿಕ್ಕು ಇನ್ನೂ ಜಿಗಿಯುತ್ತಿದ್ದರೆ ಎಲ್ಲಿಂದ ಅಂತ ಅಷ್ಟರಲ್ಲಿ ಹೇಳಬಹುದು.